ಗೋಡೆ ಉದುರಿದ್ದನ್ನೂ ಬರೆಯೋಣ

ಮೊನ್ನೆ ನಮ್ಮ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಹತ್ತೂವರೆಗೆ ಅಂತ ಹೇಳಿದ್ದ ಸಭೆ ಹನ್ನೊಂದೂಕಾಲಾದರೂ ಶುರುವಾಗಿರಲಿಲ್ಲ. ವರಾಂಡದಲ್ಲಿ ಕೂತಿದ್ದವರು ಮಕ್ಕಳ ಓದಿನ ಬಗ್ಗೆ ಮಾತಾಡುತ್ತಿರಬಹುದು ಅಂದುಕೊಂಡು ಹತ್ತಿರ ಹೋದರೆ, ಅಲ್ಲಿ ನಡೆಯುತ್ತಿದ್ದದ್ದು ಮನೆ ರಿಪೇರಿಯ ಮಾತು! ಒಬ್ಬರು ಅಡುಗೆಮನೆ ಗೋಡೆಗೆ ತಾವೇ ಕೈಯಾರೆ ಟೈಲ್ಸ್ ಹಾಕಿದ್ದರು. ಅದರ ಫೋಟೋ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿತ್ತು. ಇನ್ನೊಬ್ಬರು ತಾರಸಿಗೆ ಸುಣ್ಣ ಬಳಿದು ಮನೆ ತಣ್ಣಗಾಗಿದೆ ಅನ್ನುತ್ತಿದ್ದರು. ಮತ್ತೊಬ್ಬರು ಅಜ್ಜನ ಕಾಲದ ಬಾಗಿಲನ್ನು ಉಜ್ಜಿ ಪಾಲಿಶ್ ಹಾಕಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು, "ಸೂಪರಾಗಿ ಬಂತು ಸಾರ್."

ನಾನು ಸುಮ್ಮನೆ ಕೇಳಿದೆ, "ಕೆಟ್ಟು ಹೋದದ್ದು ಯಾವುದೂ ಇಲ್ವಾ?" ಎಲ್ಲರೂ ನಕ್ಕರು. ಯಾರೂ ಏನೂ ಹೇಳಲಿಲ್ಲ.

ಸಭೆ ಮುಗಿಯಿತು. ಟೈಲ್ಸ್ ಹಾಕಿದವರು ಗೇಟಿನ ಹತ್ತಿರ ನನಗಾಗಿ ಕಾಯುತ್ತಿದ್ದರು. ಅಕ್ಕಪಕ್ಕ ನೋಡಿ ಮೆಲ್ಲಗೆ ಹೇಳಿದರು, "ಸಾರ್, ನಿಜ ಹೇಳ್ಬೇಕಂದ್ರೆ ಸಿಂಕ್ ಕೆಳಗೆ ನಾಲ್ಕು ಟೈಲ್ಸ್ ತಟ್ಟಿದ್ರೆ ಟೊಳ್ಳು ಶಬ್ದ ಬರ್ತದೆ. ಫೋಟೋದಲ್ಲಿ ಅದು ಕಾಣಲ್ಲ."

ಆ ಮಾತು ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿದೆ. ಫೋಟೋದಲ್ಲಿ ಅದು ಕಾಣಲ್ಲ! ಆ ಫೋಟೋ ನೋಡಿದ ಇನ್ನೂ ಇಬ್ಬರು ಮುಂದಿನ ತಿಂಗಳು ಹಾಗೇ ಟೈಲ್ಸ್ ಹಾಕುತ್ತಾರೆ. ಅವರದ್ದೂ ಟೊಳ್ಳಾಗುತ್ತದೆ. ಇವರು ಮಾಡಿದ್ದ ತಪ್ಪು ಬಹಳ ಚಿಕ್ಕದು. ಟೈಲ್ಸ್ ಹಿಂದೆ ಪೂರ್ತಿ ಗಾರೆ ಹರಡದೆ, ಐದು ಕಡೆ ಉಂಡೆ ಇಟ್ಟು ಒತ್ತಿದ್ದರು, ಅಷ್ಟೇ. ಉಂಡೆಗಳ ನಡುವೆ ಗಾಳಿ ಉಳಿಯಿತು. ಅದನ್ನು ಅವತ್ತು ಸಭೆಯಲ್ಲೇ ಹೇಳಿದ್ದರೆ ಕೇಳಿದವರಿಗೆ ಎಷ್ಟು ಉಪಕಾರ ಆಗುತ್ತಿತ್ತು!

ಇವರನ್ನು ಬೈಯುವ ಹಕ್ಕು ನನಗಿಲ್ಲ. ನಾನೂ ನನ್ನ ಗೋಡೆಯ ಕತೆಯನ್ನು ಯಾರಿಗೂ ಹೇಳಿರಲಿಲ್ಲ. ಇವತ್ತು ಹೇಳುತ್ತೇನೆ.

ನಮ್ಮದು ಹಳ್ಳಿಯ ಮನೆ. ಕಲ್ಲಿನ ತಳಪಾಯ, ಮಣ್ಣಿನ ಗೋಡೆ, ಮೇಲೆ ಹೆಂಚು. ಗೋಡೆ ಒಂದೂವರೆ ಅಡಿ ದಪ್ಪ. ಬೇಸಿಗೆಯಲ್ಲಿ ತಂಪು, ಮಾರ್ಗಶಿರದ ಚಳಿಯಲ್ಲಿ ಬೆಚ್ಚಗೆ. ಆದರೆ ಪ್ರತಿ ವರ್ಷ ಯುಗಾದಿಗೆ ಮುಂಚೆ ಮೆತ್ತಬೇಕು, ಸಾರಿಸಬೇಕು, ಸುಣ್ಣ ಕೆಮ್ಮಣ್ಣು ಹಚ್ಚಬೇಕು. ಅಮ್ಮನಿಗೆ ವಯಸ್ಸಾಯಿತು, ನಮಗೆ ಪುರುಸೊತ್ತಿಲ್ಲ. ಹೊಸೂರಿನ ಲೇಔಟಿನಲ್ಲಿ ಮನೆ ಕಟ್ಟಿಸಿದ್ದ ನನ್ನ ಬಾಮೈದ ಹೇಳಿದ, "ಬಾವ, ಒಂದು ಸಲ ಸಿಮೆಂಟ್ ಪ್ಲಾಸ್ಟರ್ ಹೊಡೆದುಬಿಡಿ. ಇಪ್ಪತ್ತು ವರ್ಷ ಆ ಕಡೆ ತಿರುಗಿ ನೋಡೋ ಹಾಗಿಲ್ಲ." ಸರಿ ಅನ್ನಿಸಿತು. ರಜೆಯಲ್ಲಿ ನಾನೂ ನನ್ನ ತಮ್ಮನೂ ಸೇರಿ ಕರಣೆ ಹಿಡಿದೆವು. ಮಣ್ಣಿನ ಗೋಡೆಗೆ ಸಿಮೆಂಟು ಹಿಡಿಯಲಿ ಅಂತ ಕೋಳಿಬಲೆ ಹೊಡೆದು, ಹೊರಗಡೆ ಪೂರ್ತಿ ಪ್ಲಾಸ್ಟರ್ ಮಾಡಿದೆವು. ಮಿಕ್ಕ ಸಿಮೆಂಟಿನಲ್ಲಿ ಅಂಗಳಕ್ಕೂ ಅರ್ಧ ಅಡಿ ಎತ್ತರಿಸಿ ಕಾಂಕ್ರೀಟ್ ಹಾಕಿದೆವು. ಇಪ್ಪತ್ತೆರಡು ಸಾವಿರ ಖರ್ಚಾಯಿತು. ನಾನೂ ಫೋಟೋ ತೆಗೆದೆ, ಎಲ್ಲರಿಗೂ ಕಳಿಸಿದೆ. ಎಲ್ಲರೂ ಹೆಬ್ಬೆಟ್ಟು ಎತ್ತಿದರು!

ಮೊದಲನೇ ಮಳೆಗಾಲ ಕಳೆಯಿತು. ಒಳಗಡೆ ಗೋಡೆಯ ಬುಡದಲ್ಲಿ ತೇವದ ಗೆರೆ ಕಾಣಿಸಿತು. ಎರಡನೇ ಮಳೆಗಾಲಕ್ಕೆ ಆ ಗೆರೆ ಮೊಣಕಾಲೆತ್ತರಕ್ಕೆ ಏರಿತು. ಮೂರನೇ ವರ್ಷ ಒಂದು ರಾತ್ರಿ ದಪ್ಪನೆ ಶಬ್ದ. ಎದ್ದು ನೋಡಿದರೆ ಹಾಸಿಗೆಯಷ್ಟು ಅಗಲದ ಪ್ಲಾಸ್ಟರ್ ಕೆಳಗೆ ಬಿದ್ದಿತ್ತು. ಬರೀ ಪ್ಲಾಸ್ಟರ್ ಬಿದ್ದಿದ್ದರೆ ಚಿಂತೆ ಇರಲಿಲ್ಲ, ಅದು ಗೋಡೆಯ ಮಣ್ಣನ್ನೂ ನಾಲ್ಕು ಬೆರಳು ದಪ್ಪ ಕಿತ್ತುಕೊಂಡು ಬಂದಿತ್ತು. ಹಗಲು ಹೊತ್ತಾಗಿದ್ದರೆ ನಮ್ಮ ಚಿಕ್ಕ ಮಗಳು ಆ ಗೋಡೆಗೆ ಒರಗಿ ಕೂತು ಬರೆಯುವ ಜಾಗ ಅದು.

ಬೆಳಿಗ್ಗೆ ಪಕ್ಕದ ಮನೆ ಅಜ್ಜಿ ಬಂದು ನೋಡಿದರು. ಒಂದು ಮುಷ್ಟಿ ಮಣ್ಣು ಕೈಯಲ್ಲಿ ಹಿಡಿದು ಹಿಚುಕಿದರು. ಉಂಡೆಯಾಯಿತು. "ಏನಪ್ಪ ಮೇಷ್ಟ್ರೇ, ಗೋಡೆಗೆ ಉಸಿರು ಕಟ್ಟಿಸಿಬಿಟ್ಟಿದ್ದೀಯಲ್ಲ" ಅಂದರು. ಅಜ್ಜಿ ಒಂದನೇ ಕ್ಲಾಸೂ ಓದಿದವರಲ್ಲ. ನಾನು ವಿಜ್ಞಾನ ಪಾಠ ಮಾಡುವವನು!

ಆಮೇಲೆ ಕೂತು ಯೋಚಿಸಿದರೆ ಎಲ್ಲ ನಾನೇ ಮಕ್ಕಳಿಗೆ ಹೇಳಿಕೊಡುವ ಪಾಠ. ನೆಲದ ತೇವ ಸಣ್ಣ ಸಣ್ಣ ರಂಧ್ರಗಳ ಮೂಲಕ ಗೋಡೆಯೊಳಗೆ ಮೇಲೇರುತ್ತದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ. ಮಣ್ಣಿನ ಮೆತ್ತಿಗೆಯೂ ಸುಣ್ಣವೂ ಆ ತೇವವನ್ನು ಹೊರಗೆ ಬಿಡುತ್ತವೆ. ಗೋಡೆ ಒದ್ದೆಯಾಗುತ್ತದೆ, ಒಣಗುತ್ತದೆ. ಸಿಮೆಂಟ್ ಅಷ್ಟು ಸುಲಭವಾಗಿ ಬಿಡುವುದಿಲ್ಲ. ತೇವ ಒಳಗೇ ಉಳಿದು ಮಣ್ಣು ಮೆದುವಾಗುತ್ತದೆ. ಜೊತೆಗೆ ಸಿಮೆಂಟು ಗಡಸು, ಮಣ್ಣು ಮೃದು. ಬಿಸಿಲು ಮಳೆಗೆ ಇವೆರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಮಳೆ ನೀರು ಹೋಗುತ್ತದೆ, ಹೋದದ್ದು ಹೊರಗೆ ಬರುವುದಿಲ್ಲ. ಇದರ ಮೇಲೆ ನಾನು ಅಂಗಳ ಎತ್ತರಿಸಿದ್ದೆನಲ್ಲ, ಸೂರಿನ ನೀರು ಕಲ್ಲಿನ ತಳಪಾಯಕ್ಕೆ ಬಡಿಯುವ ಬದಲು ನೇರ ಮಣ್ಣಿನ ಗೋಡೆಗೇ ಚಿಮ್ಮುತ್ತಿತ್ತು.

ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಬೆತ್ತಲೆ ಬಿಟ್ಟು ಒಣಗಿಸಿದೆವು. ಗೋಡೆ ಪಕ್ಕದ ಕಾಂಕ್ರೀಟನ್ನು ಎರಡಡಿ ಅಗಲ ಒಡೆದು ತೆಗೆದು ಜಲ್ಲಿ ತುಂಬಿದೆವು. ಅಜ್ಜಿ ಹೇಳಿದ ಹಾಗೆ ಜರಡಿ ಹಿಡಿದ ಮಣ್ಣಿಗೆ ಕತ್ತರಿಸಿದ ರಾಗಿ ಹುಲ್ಲು, ಸಗಣಿ ಸೇರಿಸಿ ತುಳಿದು, ಒಂದು ವಾರ ಕೊಳೆಯಲು ಬಿಟ್ಟು ಮೆತ್ತಿದೆವು. ಮೇಲೆ ಸುಣ್ಣ. ಇದಕ್ಕೆ ಮತ್ತೆ ಒಂಬತ್ತು ಸಾವಿರ. ಮೂರು ಮಳೆಗಾಲ ಆಯಿತು, ಗೋಡೆ ನಿಂತಿದೆ. ಪ್ರತಿ ವರ್ಷ ಯುಗಾದಿಗೆ ಮುಂಚೆ ಒಂದು ದಿನದ ಕೆಲಸ ಇದ್ದೇ ಇದೆ. ಅದನ್ನು ತಪ್ಪಿಸಿಕೊಳ್ಳಲು ಹೋಗಿ ಮೂವತ್ತೊಂದು ಸಾವಿರ ಕಳೆದೆ!

ಈಗ ನಾನು ಹೇಳಬೇಕು ಅಂದುಕೊಂಡಿರುವ ವಿಷಯಕ್ಕೆ ಬರುತ್ತೇನೆ.

ನನ್ನ ಬಾಮೈದ ಸುಳ್ಳು ಹೇಳಿರಲಿಲ್ಲ. ಅವನ ಮನೆ ಹಾಲೋಬ್ಲಾಕ್ ಗೋಡೆಯದ್ದು. ಅಲ್ಲಿ ಸಿಮೆಂಟ್ ಪ್ಲಾಸ್ಟರ್ ಸರಿಯಾದ ಕೆಲಸವೇ. ಅವನ ಸಲಹೆ ಅವನ ಗೋಡೆಗೆ ಸರಿ, ನನ್ನ ಗೋಡೆಗೆ ತಪ್ಪು. ಅವನು ತನ್ನ ಗೋಡೆ ಎಂಥದ್ದು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಲಹೆ ಮಾತ್ರ ಕೈಯಿಂದ ಕೈಗೆ ಬಂತು, ಅದು ಯಾವ ಮನೆಗೆ ಅನ್ನುವುದು ದಾರಿಯಲ್ಲೇ ಬಿದ್ದು ಹೋಯಿತು.

ನಮ್ಮ ಹೊಸೂರು, ಕೃಷ್ಣಗಿರಿ ಕಡೆ ಈ ತಾಪತ್ರಯ ಇನ್ನೂ ಜಾಸ್ತಿ. ಯಾಕಂದರೆ ನಮ್ಮಲ್ಲಿ ಹತ್ತು ಮೈಲಿಗೆ ಒಂದು ಥರದ ಮನೆ. ತಳಿ, ಅಂಚೆಟ್ಟಿ ಕಡೆ ಹೋದರೆ ಮಣ್ಣು ಮತ್ತು ಹೆಂಚಿನ ಮನೆಗಳು ಇನ್ನೂ ಇವೆ. ಬಂಡೆ ಸಿಗುವ ಊರುಗಳಲ್ಲಿ ಗೋಡೆಯೂ ಕಲ್ಲು, ಮೇಲೂ ಕಲ್ಲು ಚಪ್ಪಡಿ. 1970ರ ದಶಕದಲ್ಲಿ ಸಿಪ್ಕಾಟ್ ಬಂದ ಮೇಲೆ ಹೊಸೂರಿನ ಸುತ್ತ ಬೆಳೆದದ್ದೆಲ್ಲ ಸಿಮೆಂಟು ಬ್ಲಾಕು, ಆರ್‌ಸಿಸಿ. ಇವುಗಳ ನಡುವೆ ಸರ್ಕಾರ ಬೇರೆ ಬೇರೆ ಯೋಜನೆಗಳಲ್ಲಿ ಕಟ್ಟಿಕೊಟ್ಟ ಮನೆಗಳು. 2011ರ ಹಸಿರು ಮನೆ ಯೋಜನೆಯ ಮನೆ ಅಂದರೆ ಮುನ್ನೂರು ಚದರಡಿ, ಅದಕ್ಕೆ ಮುಂದೆ ಹಿಂದೆ ಶೀಟು ಇಳಿಸಿಕೊಂಡು ಸಂಸಾರ. ನಮ್ಮ ಶಾಲೆಯ ಒಂದೇ ತರಗತಿಯಲ್ಲಿ ಈ ಎಲ್ಲ ಥರದ ಮನೆಗಳಿಂದ ಬರುವ ಮಕ್ಕಳಿದ್ದಾರೆ.

ಒಂದೊಂದು ಮನೆಗೆ ಒಂದೊಂದು ಕಾಯಿಲೆ. ಮಣ್ಣಿನ ಗೋಡೆಗೆ ಬುಡದ ತೇವ. ಚಪ್ಪಡಿ ಮನೆಗೆ ಎರಡು ಕಲ್ಲಿನ ಸಂದಿಯಲ್ಲಿ ಸೋರುವುದು. ಹೆಂಚಿನ ಮನೆಗೆ ಕೋತಿ, ಒಡೆದ ಹೆಂಚು, ಜಂತೆಗೆ ಗೆದ್ದಲು. ಹಳೆಯ ಆರ್‌ಸಿಸಿ ಮನೆಗೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ, ಮೇಲಿನ ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಬೀಳುವುದು. ಈ ಕೊನೆಯದಕ್ಕೆ ಎಷ್ಟೋ ಜನ ಸುಮ್ಮನೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆಯುತ್ತಾರೆ. ತುಕ್ಕು ಒಳಗೇ ಬೆಳೆಯುತ್ತಾ ಇರುತ್ತದೆ, ಎರಡು ವರ್ಷಕ್ಕೆ ಮತ್ತೆ ಬೀಳುತ್ತದೆ. ಕಂಬಿ ಕಾಣುವವರೆಗೆ ಸಡಿಲವಾದದ್ದನ್ನು ತೆಗೆದು, ತುಕ್ಕು ಉಜ್ಜಿ, ತುಕ್ಕು ತಡೆಯುವ ಲೇಪ ಹಚ್ಚಿ ಆಮೇಲೆ ಗಾರೆ ತುಂಬಬೇಕು. ಕಂಬಿಯೇ ಸವೆದು ತೆಳ್ಳಗಾಗಿದ್ದರೆ ನಮ್ಮ ಕೈ ಕೆಲಸ ಬೇಡ, ಇಂಜಿನಿಯರಿಗೆ ತೋರಿಸಬೇಕು.

ಅದೇ ಅಜ್ಜಿಯ ಮನೆ ಚಪ್ಪಡಿ ಮನೆ. ಅವರ ಮನೆ ಸೋರುವುದಿಲ್ಲ. ಹೇಗೆ ಅಂತ ಕೇಳಿದೆ. ಸುಣ್ಣ, ಇಟ್ಟಿಗೆ ಪುಡಿ, ಅದಕ್ಕೆ ನೆನೆಸಿಟ್ಟ ಬೆಲ್ಲ ಮತ್ತು ಕಡುಕ್ಕಾಯಿಯ ನೀರು. ಚೆನ್ನಾಗಿ ಅರೆದು ಸಂದಿಗೆ ಕಡ್ಡಿಯಿಂದ ಒಳಕ್ಕೆ ತುರುಕಿ, ಒಂದು ವಾರ ಒದ್ದೆ ಗೋಣಿ ಹೊದಿಸಬೇಕು. ಕಡುಕ್ಕಾಯಿ ಅನ್ನುವುದು ತಮಿಳು ಹೆಸರು, ನಮ್ಮ ಪುಸ್ತಕದಲ್ಲಿ ಅಳಲೆಕಾಯಿ. ಅಜ್ಜಿಗೆ ಅಳಲೆಕಾಯಿ ಅಂದರೆ ಗೊತ್ತಿಲ್ಲ, ನನ್ನ ವಿದ್ಯಾರ್ಥಿಗಳಿಗೆ ಎರಡೂ ಗೊತ್ತಿಲ್ಲ! ಹಳೆಯ ಮದ್ರಾಸ್ ತಾರಸಿಗಳಿಗೂ ಇಂಥದ್ದೇ ಸುಣ್ಣದ ಗಾರೆ ಹಾಕುತ್ತಿದ್ದರು. ಈ ಅಜ್ಜಿಯ ಮಗ ಗಾರೆ ಕೆಲಸದವನೇ. ಅವನು ಸಿಮೆಂಟ್ ಮಾತ್ರ ಬಲ್ಲ. ಅಜ್ಜಿಯ ಕಾಲ ಮುಗಿದರೆ ಆ ಸಂದಿ ತುಂಬುವ ವಿದ್ಯೆ ಆ ಬೀದಿಯಲ್ಲಿ ಮುಗಿದ ಹಾಗೆ.

ಅದಕ್ಕೇ ಹೇಳುತ್ತಿದ್ದೇನೆ. ನಾವು ನಮ್ಮ ಮನೆಗೆ ಕೈಯಾರೆ ಮಾಡಿಕೊಂಡ ಕೆಲಸವನ್ನು ಬರೆದಿಡಬೇಕು, ಕನ್ನಡದಲ್ಲಿ ಬರೆದಿಡಬೇಕು, ಕೆಟ್ಟದ್ದನ್ನೂ ಸೇರಿಸಿ ಬರೆದಿಡಬೇಕು.

ಇದು ಹೊಸ ಮಾತೇನಲ್ಲ. 1988ರಲ್ಲಿ ಪುತ್ತೂರಿನಲ್ಲಿ 'ಅಡಿಕೆ ಪತ್ರಿಕೆ' ಶುರುವಾದಾಗ ಅವರು ಹಿಡಿದ ದಾರಿ ಇದೇ. ಕೃಷಿಯ ಬಗ್ಗೆ ಕೃಷಿಕರೇ ಬರೆಯಲಿ, ಲೇಖನಿ ಅವರ ಕೈಗೇ ಹೋಗಲಿ ಅಂದರು. ಶ್ರೀಪಡ್ರೆಯವರಂಥವರು ಅದರ ಹಿಂದೆ ನಿಂತರು. ತೋಟದಲ್ಲಿ ಮಾಡಿ ನೋಡಿದವರು ತಮ್ಮ ಕನ್ನಡದಲ್ಲೇ ಬರೆದದ್ದನ್ನು ಇನ್ನೊಬ್ಬ ರೈತ ಓದಿ ತನ್ನ ತೋಟದಲ್ಲಿ ಮಾಡಿದ. ತೋಟಕ್ಕೆ ಆದದ್ದು ಮನೆಗೆ ಯಾಕೆ ಆಗಬಾರದು?

ಮನೆ ಕಟ್ಟುವವರಲ್ಲಿ ಲಾರಿ ಬೇಕರ್ ಹೆಸರು ಕೇಳಿರುತ್ತೀರಿ. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ನಮ್ಮ ದೇಶಕ್ಕೆ ಬಂದು, ಕೇರಳದಲ್ಲಿ ನೆಲೆಸಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡವರು. ಮನೆ ಕಟ್ಟುವ ಸಾಮಾನು ಐದು ಮೈಲಿಯೊಳಗೇ ಸಿಗಬೇಕು ಅನ್ನುವ ಗಾಂಧೀಜಿಯ ಮಾತನ್ನು ಹಿಡಿದುಕೊಂಡವರು. ಅವರು ಸಾಮಾನ್ಯ ಜನರಿಗಾಗಿ ಚಿಕ್ಕ ಚಿಕ್ಕ ಪುಸ್ತಕ ಮಾಡಿದರು. ಚಿತ್ರವೂ ಅವರ ಕೈಯದ್ದೇ, ಅಕ್ಷರವೂ ಅವರ ಕೈಯದ್ದೇ. ಹೀಗೆ ಕಟ್ಟಿದರೆ ದುಡ್ಡು ದಂಡ, ಹೀಗೆ ಕಟ್ಟಿದರೆ ಉಳಿತಾಯ ಅಂತ ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿದರು. ಸರಿಯಾದದ್ದರ ಪಕ್ಕದಲ್ಲಿ ತಪ್ಪನ್ನೂ ಇಟ್ಟಿದ್ದಕ್ಕೇ ಆ ಪುಸ್ತಕ ಅರ್ಥವಾಗುತ್ತದೆ.

ನಮಗೆ ಹತ್ತಿರದ ಬೆಂಗಳೂರಿನಲ್ಲೇ ಇನ್ನೊಂದು ಉದಾಹರಣೆ ಇದೆ. ಮಳೆಕೊಯ್ಲಿನ ಎ.ಆರ್. ಶಿವಕುಮಾರ್ ವಿಜಯನಗರದಲ್ಲಿ 'ಸೌರಭ' ಅಂತ ಮನೆ ಕಟ್ಟಿಕೊಂಡು, ಮಳೆ ನೀರಿನಲ್ಲೇ ಸಂಸಾರ ನಡೆಸಬಹುದು ಅಂತ ತಮ್ಮ ಮನೆಯಲ್ಲೇ ಮಾಡಿ ತೋರಿಸಿದರು. ನೋಡಲು ಬಂದವರಿಗೆ ಬಾಗಿಲು ತೆರೆದರು. ಅದರ ಜೊತೆಗೆ ನಮ್ಮ ತಮಿಳುನಾಡನ್ನು ನೋಡಿ. 2003ರಲ್ಲಿ ಸರ್ಕಾರ ಎಲ್ಲ ಕಟ್ಟಡಗಳಿಗೂ ಮಳೆಕೊಯ್ಲು ಕಡ್ಡಾಯ ಮಾಡಿತು. ಒಳ್ಳೆಯ ಕಾನೂನು. ಆದರೆ ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಪೈಪು ಇಳಿಯಿತು, ಗುಂಡಿ ಮುಚ್ಚಿಹೋಯಿತು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಬೇಕು, ಜಲ್ಲಿ ಮರಳನ್ನು ವರ್ಷಕ್ಕೊಮ್ಮೆ ತೆಗೆದು ತೊಳೆಯಬೇಕು ಅನ್ನುವುದನ್ನು ಅವರಿಗೆ ಹೇಳಿದವರು ಯಾರೂ ಇರಲಿಲ್ಲ. ತೊಳೆಯದೆ ಕೆಡಿಸಿಕೊಂಡವರು ಅದನ್ನು ಇನ್ನೊಬ್ಬರಿಗೆ ಹೇಳಲೂ ಇಲ್ಲ.

ಇದಕ್ಕೆ ಮೂರು ಆಕ್ಷೇಪಣೆ ಬರುತ್ತದೆ ಅಂತ ಗೊತ್ತು.

ಮೊದಲನೆಯದು, ಎಲ್ಲರೂ ತಾವೇ ಮಾಡಿಕೊಂಡರೆ ಗಾರೆ ಕೆಲಸದವರ ಹೊಟ್ಟೆ ಮೇಲೆ ಹೊಡೆದ ಹಾಗಲ್ಲವೇ? ನಮ್ಮ ಶಾಲೆಯ ಮಕ್ಕಳ ಅಪ್ಪಂದಿರಲ್ಲಿ ಮೇಸ್ತ್ರಿಗಳೇ ಎಷ್ಟೋ ಜನ. ನಾನು ಒಬ್ಬರನ್ನು ಕೇಳಿದೆ. ಅವರು ಹೇಳಿದರು, "ಸಾರ್, ಸಂದಿ ಮುಚ್ಚೋದು, ನಾಲ್ಕು ಹೆಂಚು ಬದಲಾಯಿಸೋದು, ಇಂಥದ್ದಕ್ಕೆ ನಾವು ಹೋಗೋದೇ ಇಲ್ಲ. ಅರ್ಧ ದಿನದ ಕೂಲಿಗೆ ಇಡೀ ದಿನ ಹೋಗ್ತದೆ. ಆದ್ರೆ ನಾವು ಕೆಡಿಸಿದ್ದನ್ನ ಬರೆದ್ರೆ ನಾಳೆ ಯಾರು ಕೆಲಸ ಕೊಡ್ತಾರೆ?" ಅವರ ಮಾತಿನಲ್ಲಿ ನ್ಯಾಯ ಇದೆ. ಅದಕ್ಕೇ ಯಾರು ಮಾಡಿದರು ಅನ್ನುವುದು ಬೇಡ, ಏನಾಯಿತು ಅನ್ನುವುದು ಮಾತ್ರ ಇರಲಿ. ಕೆಲಸ ಗೊತ್ತಿರುವ ಮನೆಯವರು ಮೇಸ್ತ್ರಿಯ ಜೊತೆ ಸುಮ್ಮನೆ ಜಗಳ ಆಡುವುದಿಲ್ಲ. ಗೋಡೆಗೆ ಒಂದು ವಾರ ನೀರು ಹಾಕಿ ಅಂದರೆ ಯಾಕೆ ಅಂತ ಅವರಿಗೆ ಗೊತ್ತಿರುತ್ತದೆ. ನಿಜ ಹೇಳಬೇಕಂದರೆ ಇದರಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯಬಲ್ಲವರು ಈ ಮೇಸ್ತ್ರಿಗಳೇ.

ಎರಡನೆಯದು, ಗೊತ್ತಿಲ್ಲದವರು ಕೈ ಹಾಕಿ ಪ್ರಾಣಕ್ಕೆ ಕುತ್ತು ತಂದುಕೊಂಡರೆ? ಇದು ದೊಡ್ಡ ಪ್ರಶ್ನೆ. ಹಾಗಾಗಿ ಏನು ಮಾಡಬಹುದು ಅನ್ನುವಷ್ಟೇ ಸ್ಪಷ್ಟವಾಗಿ ಏನು ಮಾಡಬಾರದು ಅನ್ನುವುದನ್ನೂ ಬರೆಯಬೇಕು. ನನ್ನ ಪಟ್ಟಿ ಇದು. ಕರೆಂಟಿನ ವೈರಿಂಗ್ ಮುಟ್ಟಬೇಡಿ, ತಗಡಿನ ಶೀಟಿನ ಮನೆಯಲ್ಲಂತೂ ಬೇಡವೇ ಬೇಡ. ಅರ್ತಿಂಗ್ ಸರಿಯಿದೆಯೇ, ಸೋರುವ ಕರೆಂಟನ್ನು ತಕ್ಷಣ ಕಡಿಯುವ ಇಎಲ್‌ಸಿಬಿ ಇದೆಯೇ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಕೋಣೆ ದೊಡ್ಡದು ಮಾಡಲು ಅಂತ ಮೇಲಿನ ಭಾರ ಹೊತ್ತ ಗೋಡೆ ಒಡೆಯಬೇಡಿ. ಸಾವಿರ ಲೀಟರ್ ಟ್ಯಾಂಕಿನ ನೀರು ಅಂದರೆ ಒಂದು ಟನ್ ಭಾರ, ಅದನ್ನು ತಾರಸಿಯ ನಡುಮಧ್ಯದಲ್ಲಿ ಇಡಬೇಡಿ, ಎರಡು ಗೋಡೆ ಸೇರುವ ಮೂಲೆಯ ಮೇಲೆ ಇಡಿ. ಶೌಚದ ಗುಂಡಿಗೆ ಯಾವ ಕಾರಣಕ್ಕೂ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಅಲ್ಲಿನ ವಿಷಗಾಳಿ ಒಂದು ಉಸಿರಿಗೆ ಮನುಷ್ಯನನ್ನು ಕೆಡವುತ್ತದೆ, 2013ರ ಕಾಯ್ದೆಯ ಪ್ರಕಾರ ಹಾಗೆ ಇಳಿಸುವುದು ಅಪರಾಧ ಕೂಡ. ಸುಣ್ಣ ಅರಳಿಸುವಾಗ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು, ಮಕ್ಕಳನ್ನು ದೂರ ಇಡಿ.

ಮತ್ತೆ ಕಲ್ನಾರಿನ ಶೀಟು, ಅದೇ ಆಸ್ಬೆಸ್ಟಾಸ್. ನಮ್ಮ ಮಕ್ಕಳ ಮನೆಗಳಲ್ಲಿ ಇದೇ ಜಾಸ್ತಿ. ಅದನ್ನು ಕೊಯ್ದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದ ಎಳೆಗಳಿರುತ್ತವೆ. ಅವು ಶ್ವಾಸಕೋಶದಲ್ಲಿ ಕೂತು, ಎಷ್ಟೋ ವರ್ಷ ಆದ ಮೇಲೆ ಕ್ಯಾನ್ಸರ್ ತರಬಲ್ಲವು. ಎಲ್ಲ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬ್ರಿಟನ್ 1999ರಲ್ಲೇ ನಿಷೇಧಿಸಿತು. ಇರುವ ಶೀಟನ್ನು ಸುಮ್ಮನೆ ಬಿಟ್ಟರೆ ಅಪಾಯ ಕಡಿಮೆ. ಗ್ರೈಂಡರ್ ಹಾಕಿ ಕೊಯ್ಯುವುದು, ತೂತು ಕೊರೆಯುವುದು, ಒಣ ಪೊರಕೆಯಲ್ಲಿ ಗುಡಿಸುವುದು, ಇವನ್ನು ಮಾಡಬೇಡಿ. ಹೊಸದಾಗಿ ಹಾಕುವವರು ಬೇರೆ ಶೀಟು ಹಾಕಿ.

ಮೂರನೆಯದು, ಇದನ್ನೆಲ್ಲ ಕನ್ನಡದಲ್ಲೇ ಯಾಕೆ ಬರೆಯಬೇಕು? ಮೊಬೈಲಿನಲ್ಲಿ ತಮಿಳು, ಹಿಂದಿ, ಇಂಗ್ಲಿಷ್ ವಿಡಿಯೋ ಬೇಕಾದಷ್ಟು ಇವೆಯಲ್ಲ? ಇವೆ, ನಾನೂ ನೋಡುತ್ತೇನೆ. ತಮಿಳಿನ ಮೇಲೆ ನನಗೆ ಕೋಪವಿಲ್ಲ. 2006ರ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳು ತಮಿಳನ್ನೂ ಕಲಿಯುತ್ತಿದ್ದಾರೆ, ಒಳ್ಳೆಯದೇ. ನಮ್ಮ ಮೇಸ್ತ್ರಿ ತಮಿಳಿನಲ್ಲಿ ಮಾತಾಡುತ್ತಾನೆ, ಹಾರ್ಡ್‌ವೇರ್ ಅಂಗಡಿಯವರು ತೆಲುಗಿನಲ್ಲಿ, ಮನೆಯೊಳಗೆ ನಾವು ಕನ್ನಡದಲ್ಲಿ. ಒಂದೇ ಸಾಮಾನು ಹೆಂಚು, ಓಡು, ಪೆಂಕು ಅಂತ ಮೂರು ಹೆಸರಿನಲ್ಲಿ ಓಡಾಡುತ್ತದೆ. ಇದು ನಮ್ಮ ಭಾಗ್ಯ ಅಂತಲೇ ನಾನು ತಿಳಿದಿದ್ದೇನೆ.

ಆದರೆ ಒಂದು ಮಾತು ಯೋಚಿಸಿ. ನಮ್ಮ ಶಾಲೆಗೆ ಮಕ್ಕಳನ್ನು ಕಳಿಸುವವರು ಪ್ರತಿ ಜೂನ್ ತಿಂಗಳು ಕೇಳುತ್ತಾರೆ, "ಕನ್ನಡ ಓದಿ ಏನು ಉಪಯೋಗ ಸಾರ್?" ನಾವು ಪಂಪ, ಬಸವಣ್ಣ, ಕುವೆಂಪು ಅಂತ ಹೇಳುತ್ತೇವೆ. ಅದು ಸತ್ಯವೇ. ಆದರೆ ಕೇಳಿದವರ ಮುಖ ನೋಡಿದರೆ ಆ ಉತ್ತರ ಅವರ ಮನೆವರೆಗೆ ಮುಟ್ಟಲಿಲ್ಲ ಅಂತ ಗೊತ್ತಾಗುತ್ತದೆ. ಅವರ ಮಗಳು ಕನ್ನಡದಲ್ಲಿ ಬರೆದಿಟ್ಟದ್ದನ್ನು ನೋಡಿ ಅವರ ಮನೆಯ ಸೋರಿಕೆ ನಿಂತರೆ? ಹಬ್ಬದ ದಿನ ಮಾತ್ರ ತೆಗೆಯುವ ಬೆಳ್ಳಿ ತಟ್ಟೆಯ ಹಾಗೆ ಭಾಷೆಯನ್ನು ಇಟ್ಟುಕೊಂಡರೆ ಗಡಿಯ ಈ ಕಡೆ ಅದು ಎಷ್ಟು ದಿನ ಉಳಿದೀತು? ದಿನಾ ಬಳಸುವ ಸ್ಟೀಲ್ ತಟ್ಟೆಯೂ ಅದೇ ಆಗಬೇಕು.

ಹಾಗಾಗಿ ನಮ್ಮ ಶಾಲೆಯಲ್ಲಿ ಒಂದು ದಪ್ಪ ನೋಟ್ ಪುಸ್ತಕ ಇಟ್ಟಿದ್ದೇನೆ. ಏಳನೇ ಎಂಟನೇ ತರಗತಿಯ ಮಕ್ಕಳು ಮನೆಯವರನ್ನು ಕೇಳಿ ಬರೆಯಬೇಕು. ಆರು ಪ್ರಶ್ನೆ ಮಾತ್ರ. ಗೋಡೆ ಯಾವುದರದ್ದು, ಮೇಲೆ ಏನಿದೆ? ಏನು ತೊಂದರೆ ಇತ್ತು? ಏನು ಮಾಡಿದಿರಿ, ಯಾವ ಸಾಮಾನು ಎಷ್ಟು? ಎಷ್ಟು ಖರ್ಚು, ಎಷ್ಟು ದಿನ? ಎಲ್ಲಿ ತಪ್ಪಾಯಿತು? ಒಂದು ಮಳೆಗಾಲ ಆದ ಮೇಲೆ ಹೇಗಿದೆ? ಕೊನೆಯ ಪ್ರಶ್ನೆಗೆ ಜಾಗ ಖಾಲಿ ಬಿಟ್ಟಿರುತ್ತೇವೆ. ಮಳೆಗಾಲ ಮುಗಿಯುವವರೆಗೆ ಆ ಪುಟಕ್ಕೆ ನಾನು ಸರಿ ಗುರುತು ಹಾಕುವುದಿಲ್ಲ! ಕೆಲಸ ಮಾಡಿದ ಮಾರನೇ ದಿನ ಎಲ್ಲ ಗೋಡೆಯೂ ಚೆಂದವೇ.

ಇದರಲ್ಲಿ ಪಾಠವೂ ಆಗುತ್ತದೆ. ಒಂದಕ್ಕೆ ಆರು ಗಾರೆ ಅಂದರೆ ಏನು ಅಂತ ಅನುಪಾತದ ಲೆಕ್ಕ. ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಎರಡು ಗೋಡೆಯ ಮಟ್ಟ ನೋಡುವುದರಲ್ಲಿ ವಿಜ್ಞಾನ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮುನ್ನೂರು ಚದರಡಿ ಅಂದರೆ ಸುಮಾರು 28 ಚದರ ಮೀಟರ್. ಹತ್ತು ಮಿಲಿಮೀಟರ್ ಮಳೆಗೆ ಎಷ್ಟು ನೀರು ಅಂತ ಕೇಳಿದರೆ ಮಕ್ಕಳು 280 ಲೀಟರ್ ಅಂತ ಹೇಳಿ ತಾವೇ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಅಷ್ಟು ನೀರು ಅವರ ಅಮ್ಮ ಎಷ್ಟು ಬಿಂದಿಗೆ ಹೊರಬೇಕು ಅಂತ ಅವರಿಗೆ ಗೊತ್ತು.

ಪದಗಳಂತೂ ಸರಿಯೇ ಸರಿ. ತೊಲೆ, ಜಂತೆ, ಸೂರು, ಅಟ್ಟ, ಪಡಸಾಲೆ, ಕರಣೆ, ರಸಮಟ್ಟ, ತೂಗುಗುಂಡು. ಇವು ಪಠ್ಯಪುಸ್ತಕದ ಪದಾರ್ಥದ ಪಟ್ಟಿಯಿಂದ ಬರುವುದಿಲ್ಲ, ಮನೆಯವರ ಬಾಯಿಂದ ಬರುತ್ತವೆ. ಪಕ್ಕದಲ್ಲಿ ತಮಿಳು, ತೆಲುಗು ಹೆಸರನ್ನೂ ಬರೆಯಲು ಹೇಳಿದ್ದೇನೆ. ಅಂಗಡಿಗೆ ಹೋದಾಗ ಬೇಕಲ್ಲ!

ಪುಸ್ತಕದಲ್ಲಿ ಈವರೆಗೆ ಎರಡೇ ಪುಟ ತುಂಬಿವೆ. ಮೊದಲನೆಯದು ನನ್ನ ಮಣ್ಣಿನ ಗೋಡೆಯದ್ದು. ಮೂವತ್ತೊಂದು ಸಾವಿರದ ಲೆಕ್ಕ, ಪ್ಲಾಸ್ಟರ್ ಬಿದ್ದ ರಾತ್ರಿ, ಎಲ್ಲವೂ ಇದೆ. ಮೇಷ್ಟ್ರ ಮನೆ ಗೋಡೆ ಬಿದ್ದ ಕತೆಯನ್ನು ಮಕ್ಕಳು ಬಹಳ ಖುಷಿಯಿಂದ ಓದಿದರು (ಓದಲೇಬೇಕಲ್ಲ!). ಅದಾದ ಒಂದು ವಾರಕ್ಕೆ ಎರಡನೇ ಪುಟ ಬಂತು. ಹೆಸರಿಲ್ಲ. ಅಡುಗೆಮನೆ, ಹಾಲೋಬ್ಲಾಕ್ ಗೋಡೆ, ಸಿಂಕ್ ಕೆಳಗೆ ನಾಲ್ಕು ಟೈಲ್ಸ್ ಟೊಳ್ಳು. ಪುಟದ ಕೊನೆಯಲ್ಲಿ ಮಗುವಿನ ಗುಂಡಗಿನ ಅಕ್ಷರದಲ್ಲಿ, "ಟೈಲ್ಸ್ ಹಿಂದೆ ಪೂರ್ತಿ ಗಾರೆ ಹಾಕಬೇಕು. ನಾಣ್ಯದಿಂದ ತಟ್ಟಿ ನೋಡಬೇಕು. ಅಪ್ಪ ಹೇಳಿದರು."

ಬೇರೆ ಶಾಲೆಯ ಮೇಷ್ಟ್ರುಗಳೇ, ಮೇಡಮ್ಮುಗಳೇ, ಪೋಷಕರೇ, ನಿಮ್ಮ ಊರಲ್ಲೂ ಇಂಥದ್ದೊಂದು ಪುಸ್ತಕ ಇಡಬಾರದೇಕೆ? ಬಾಗಲೂರಿನ ಚಪ್ಪಡಿ ಮನೆ, ಡೆಂಕಣಿಕೋಟೆಯ ಹೆಂಚಿನ ಮನೆ, ಮತ್ತಿಗಿರಿಯ ಆರ್‌ಸಿಸಿ ಮನೆ, ಎಲ್ಲದಕ್ಕೂ ಒಂದೊಂದು ಪುಟ ಬಂದರೆ ಮುಂದಿನ ಮಳೆಗಾಲಕ್ಕೆ ಅದಲು ಬದಲು ಮಾಡಿಕೊಂಡು ಓದಬಹುದು. ನಿಮ್ಮ ಮನೆಯಲ್ಲಿ ಚೆನ್ನಾಗಿ ಬಂದದ್ದನ್ನು ಬರೆಯಿರಿ. ಅದಕ್ಕಿಂತ ಮುಂಚೆ, ಉದುರಿದ್ದನ್ನು ಬರೆಯಿರಿ.

ನೀವೇನಂತೀರಿ?